ಗುರುತು ನಮ್ಮದೇ

ಪ್ರವಾಸಿ ಮಂದಿರದ ಹಿತ್ತಲಲ್ಲಿ ಕೂತು ಚಂದನಾ ಮರಿಯ ಕಿವಿ ತೊಳೆಯುತ್ತಿದ್ದಳು. ಬಿಸಿನೀರಿಗೆ ಉಪ್ಪು ಹಾಕಿ, ಹಳೇ ಪಂಚೆಯ ತುಂಡನ್ನು ಅದ್ದಿ, ಒಣಗಿ ಕರ್ರಗಾಗಿದ್ದ ರಕ್ತವನ್ನು ನೆನೆಸಿ ನೆನೆಸಿ ಬಿಡಿಸುತ್ತಿದ್ದಳು. ಮರಿ ಮೊದಮೊದಲು ಕೊಸರಾಡಿತು. ಆಮೇಲೆ ಅವಳ ಮೊಣಕಾಲುಗಳ ನಡುವೆ ಮೂತಿ ತೂರಿಸಿ ಸುಮ್ಮನಾಯಿತು. ಕಟ್ಟೆಯ ಮೇಲೆ ಕೂತಿದ್ದ ಇನ್‌ಸ್ಪೆಕ್ಟರ್ ಜಂಬುನಾಥ ಚಹಾದ ಲೋಟ ಹಿಡಿದುಕೊಂಡು ಅವಳ ಕೈಯನ್ನೇ ನೋಡುತ್ತಿದ್ದರು. ರಕ್ತ ಹೋಗಿ ಕಿವಿ ತಿಳಿಯಾದಾಗ ಅಂಚಿನಲ್ಲಿ ಎರಡು ಕಚ್ಚು ಕಂಡವು. ಚಂದನಾ ಅವುಗಳ ಮೇಲೆ ಬೆರಳಾಡಿಸಿ, ಅರಿಶಿನ ಹಚ್ಚಿ, ಬಟ್ಟೆ ಹಿಂಡಿ ಬೇಲಿಯ ಮೇಲೆ ಒಣಹಾಕಿದಳು.

"ಸರ್, ಎರಡೂ ಹಸೀವು ಅದಾವ," ಅಂದಳು. "ಹಳೇ ಕಚ್ಚು ಒಂದೂ ಇಲ್ಲ."

ಜಂಬುನಾಥ ಲೋಟ ಕೆಳಗಿಟ್ಟರು.

ಮರಿ ಕೇಸಿನ ಮಾಲಾಗಿತ್ತು. ಇಟ್ಟಿಗಿಯ ಕುರಿಗಾರರ ಹುಡುಗ ಯರ್ರೆಪ್ಪನ ಹೆಣ ಚಿಗಟೇರಿ ದಾರಿಯ ಮಗ್ಗುಲ ಜೋಳದ ಹೊಲದಲ್ಲಿ ಬಿದ್ದಿದ್ದಾಗ, ಅವನ ಕಾಲಿಗೆ ಈ ಮರಿಯನ್ನು ಕಟ್ಟಿದ್ದರು. ಅವನ ಕೊರಳಿಗೆ ಒಂದು ಕುರಿಗಂಟೆ ಹಾಕಿದ್ದರು.

ಆ ವರ್ಷ ಅದು ಮೂರನೆಯ ಗಂಟೆ. ಮೊದಲನೆಯದು ಕೂಡ್ಲಿಗಿ ಕಡೆಯ ಒಬ್ಬನ ಕೊರಳಲ್ಲಿ ಸಿಕ್ಕಿತ್ತು, ಎರಡನೆಯದು ಹಗರಿಬೊಮ್ಮನಹಳ್ಳಿಯ ಹತ್ತಿರ. ಅವರಿಬ್ಬರೂ ಕುರಿಕಳ್ಳರೇ. ಗಾಡಿ ತಂದು, ನಾಯಿಗೆ ವಿಷ ಹಾಕಿ, ಹಟ್ಟಿಗೆ ಹಟ್ಟಿಯನ್ನೇ ಬರಿದು ಮಾಡಿ ಹೋಗುತ್ತಿದ್ದವರು. ಕುರಿ ಕಳಕೊಂಡವರು ದೂರು ಕೊಟ್ಟು ಕೊಟ್ಟು ಸಾಕಾಗಿ ಸುಮ್ಮನಾಗಿದ್ದ ಕಾಲದಲ್ಲಿ ಈ ಗಂಟೆಗಳು ಬಂದವು. ಅವನ್ನು ಕಟ್ಟಿದವರ್‍ಯಾರು ಎಂಬುದು ಸುತ್ತಲಿನ ಐದೂ ತಾಲೂಕಿಗೆ ಗೊತ್ತಿತ್ತು. ಕೊಟ್ಟೂರಿನ ಗುರುಶಾಂತ ಮತ್ತು ಅವನ ಮೂವರು ಗೆಳೆಯರು. ಗುರುಶಾಂತನಿಗೆ ಪೆಟ್ರೋಲ್ ಬಂಕ್, ಎಣ್ಣೆ ಮಿಲ್ಲು, ಮದುವೆ ಛತ್ರ ಎಲ್ಲ ಇದ್ದವು. ಗೆಳೆಯರೂ ಅದೇ ತೂಕದವರು. ರಾತ್ರಿ ಕಾವಲು ತಿರುಗುತ್ತೇವೆ, ಬಡವರ ಕುರಿ ಉಳಿಸುತ್ತೇವೆ ಎಂದು ಬಿಳಿ ಜೀಪಿನಲ್ಲಿ ಹೊರಟವರು ಹಾಗೇ ಕೊಲ್ಲುವುದಕ್ಕೂ ಕೈ ಹಚ್ಚಿದ್ದರು. ಜನ ಅವರಿಗೆ ಶಾಲು ಹೊದಿಸಿದರು. ಮಕ್ಕಳು ಜಗಳಾಡುವಾಗ "ನಿಂಗೂ ಗಂಟಿ ಕಟ್ಟಸ್ತೀನಿ ನೋಡಲೇ" ಅನ್ನತೊಡಗಿದವು. ಚಂದನಾಳ ಅಪ್ಪನೂ ಕುರಿಗಾರನೇ. ಎರಡನೆಯ ಹೆಣ ಬಿದ್ದ ದಿನ ಅವನು ರೊಟ್ಟಿ ಮುರಿಯುತ್ತ, "ಪುಣ್ಯಾತ್ಮರು ಅದಾರ ಬಿಡು," ಅಂದಿದ್ದ. ಪೊಲೀಸ್ ಕೆಲಸದಲ್ಲಿದ್ದ ಮಗಳು ಅದಕ್ಕೆ ಏನೂ ಅಂದಿರಲಿಲ್ಲ. ಅವಳ ಸ್ವಭಾವವೇ ಅದು. ನೋಡುವುದು ಹೆಚ್ಚು, ಮಾತು ಕಡಿಮೆ.

ಮೂರನೆಯ ಹೆಣ ಬಿದ್ದ ಮೇಲೆ ಮೇಲಿನವರು ಜಂಬುನಾಥರಿಗೆ ಚಂದನಾಳೂ ಇದ್ದ ಒಂದು ತಂಡ ಕೊಟ್ಟು ಕೂಡ್ಲಿಗಿಯ ಪ್ರವಾಸಿ ಮಂದಿರದಲ್ಲಿ ಕೂರಿಸಿದ್ದರು. ಯರ್ರೆಪ್ಪನ ತಾಯಿ ತಂದೆ ಬಂದು, ನಮ್ಮ ಮಗ ಕಳ್ಳನಲ್ಲ, ಆ ಮರಿ ನಮ್ಮ ಹಟ್ಟಿಯದೇ, ಚಿಗಟೇರಿಗೆ ಕೊಟ್ಟ ಮಗಳು ರೋಜಾಳ ಮನೆಗೆ ಅವನು ಒಯ್ಯುತ್ತಿದ್ದ ಎಂದು ಅತ್ತು ಹೇಳಿದ್ದರು. ಕಳ್ಳನ ಮನೆಯವರು ಇನ್ನೇನು ಹೇಳಿಯಾರು ಎಂದು ಊರು ನಕ್ಕಿತ್ತು. ಯಾಕೆಂದರೆ ಮರಿಯ ಕಿವಿಯಲ್ಲಿದ್ದದ್ದು ಇಟ್ಟಿಗಿಯವರ ಗುರುತಲ್ಲ. ಕುರಿಗಾರರಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಕಿವಿಗುರುತು ಇರುತ್ತದೆ. ಈ ಎರಡು ಕಚ್ಚು ಚಿಗಟೇರಿಯ ಬಂಗಾರಪ್ಪನ ಮನೆಯವು. ಬಂಗಾರಪ್ಪ ಅಂದರೆ ರೋಜಾಳ ಮಾವ. ಹೆಣದ ಬಳಿ ಪೊಲೀಸರು ಕೇಳಿದಾಗ ಆತ ಮರಿಯನ್ನು ನೋಡಿ, "ಗುರುತು ನಮ್ದಽ ಐತ್ರಿ," ಎಂದಷ್ಟೇ ಹೇಳಿ ಮುಖ ತಿರುವಿದ್ದ. ಅಲ್ಲಿಗೆ ಯರ್ರೆಪ್ಪ ಅಕ್ಕನ ಮನೆಗೇ ಕನ್ನ ಹಾಕಿದ ಕಳ್ಳನಾದ. ಇಟ್ಟಿಗಿಯಲ್ಲಿ ಅವನ ಹೆಣಕ್ಕೆ ಹೆಗಲು ಕೊಡಲು ಮನೆಯವರ ಹೊರತು ಒಬ್ಬರೂ ಬರಲಿಲ್ಲ.

"ಗುರುತು ಕೆಡಿಸಾಕ ಮ್ಯಾಲೆ ಕೊಯ್ದಿದ್ರ ಕೆಳಗ ಹಳೇ ಕಚ್ಚು ಇರಬೇಕಿತ್ತು ಸರ್," ಅಂದಳು ಚಂದನಾ. "ಇದು ಅವತ್ತಽ ಹಾಕಿದ ಗುರುತು. ಬಾಣಂತಿ ಗಂಡನ ಮನಿಗೆ ಹೋದ ಮ್ಯಾಲೆ ಕೂಸಿನ ಹೆಸರಿಲೆ ತವರಿಂದ ಒಂದು ಹೆಣ್ಣುಮರಿ ಕೊಡ್ತಾರ. ಅದಕ್ಕಂತಽ ಗುರುತು ಹಾಕದ ಒಂದು ಬಿಟ್ಟಿರ್ತಾರ. ಕೊಡೋ ದಿನ ಸ್ವಾದರಮಾವ ತನ್ನ ಕೈಲೆ ಅಕ್ಕನ ಮನಿ ಗುರುತು ಹಾಕಿ ಒಯ್ಯಬೇಕು. ಕೂಸಿನ ಮನ್ಯಾಗ ಕೂಸಿನ ಮರಿ ನೆತ್ತರ ಬೀಳಬಾರದು ಅಂತ."

"ಹಂಗಾದ್ರ ಬಂಗಾರಪ್ಪಗ ಇದು ಗೊತ್ತಿರಬೇಕಲ್ಲ?"

"ಗೊತ್ತಿರತೈತಿ ಸರ್. ನೋಡಿದ ಕೂಡ್ಲೇ ಗೊತ್ತಾಗಿರತೈತಿ."

ಜಂಬುನಾಥ ಕಿಸೆಯಿಂದ ಫೋನ್ ತೆಗೆದು, ಫೋನ್ ಕಂಪನಿಯವರು ಹಿಂದಿನ ದಿನ ಕಳಿಸಿದ್ದ ಕರೆಗಳ ವಿವರ ತೋರಿಸಿದರು. ಯರ್ರೆಪ್ಪ ಸತ್ತ ದಿನ ಹೊತ್ತು ಮುಳುಗುವಾಗ ಕೊಟ್ಟೂರು ದಾರಿಯ ಚಹಾದಂಗಡಿಯ ಕರಿಯಕ್ಕ ಬಂಗಾರಪ್ಪನಿಗೆ ಫೋನ್ ಮಾಡಿದ್ದಳು. ಅದು ಮುಗಿದ ಬೆನ್ನಿಗೇ ಬಂಗಾರಪ್ಪ ಗುರುಶಾಂತನ ಬಂಕಿಗೆ ಮಾಡಿದ್ದ. ಆದರೆ ಬಂಕಿನ ಆ ನಂಬರಿಗೆ ದಿನಾ ಅರ್ಧ ತಾಲೂಕು ಫೋನ್ ಮಾಡುತ್ತದೆ. ಯಾಕೆ ಮಾಡಿದ ಎಂಬುದನ್ನು ಯಾವ ಕಂಪನಿಯ ದಾಖಲೆಯೂ ಹೇಳುವುದಿಲ್ಲ. ಅದನ್ನು ಬಂಗಾರಪ್ಪನ ಬಾಯೇ ಹೇಳಬೇಕು.

*

ಕರಿಯಕ್ಕನ ಅಂಗಡಿಯ ಬೆಂಚಿನ ಮೇಲೆ ಕೂತ ನಾಲ್ಕಾರು ಮಂದಿ, ಜೀಪು ನಿಂತಾಗ ಏಳುವ ಗೋಜಿಗೂ ಹೋಗಲಿಲ್ಲ.

"ಬರ್ರಿ ಸಾಹೇಬ್ರ," ಎಂದ ಒಬ್ಬ, ಕಾಲಿನ ಮೇಲಿನ ಕಾಲು ಇಳಿಸದೆ. "ಗಂಟಿ ಕಟ್ಟೋರ್ನ ಹುಡುಕಾಕ ಹತ್ತೀರಂತ. ಸಿಕ್ರ ಏನು, ಹಾರ ಹಾಕ್ತೀರೇನ್ರಿ?"

"ಹಾರ ನೀ ತರ್ತಿಯೇನು?" ಅಂದರು ಜಂಬುನಾಥ.

"ತರ್ತೀನ್ರಿ, ಮಲ್ಲಿಗಿ ಹಾರನಽ ತರ್ತೀನಿ. ನಮ್ಮ ಹದಿನೆಂಟು ಕುರಿ ಹೋದಾಗ ನೀವು ಒಂದು ಹಿಕ್ಕಿನೂ ಹುಡುಕಿ ಕೊಡಲಿಲ್ಲ."

ಬೆಂಚು ಗೊಳ್ಳೆಂದು ನಕ್ಕಿತು. ಚಂದನಾ ಒಲೆಯ ಹತ್ತಿರ ಹೋಗಿ ನಿಂತಳು. ಕರಿಯಕ್ಕ ಐವತ್ತು ದಾಟಿದ ಗಟ್ಟಿ ಹೆಂಗಸು. ಹಾಲು ಉಕ್ಕದಂತೆ ಸೌಟಾಡಿಸುತ್ತಲೇ ಮಾತಾಡುವವಳು. ಅಡ್ಡಾಡುವ ಕುರಿಗಾರರೆಲ್ಲ ಅವಳಿಗೆ ಗೊತ್ತು, ಅವರ ಗುರುತುಗಳೂ ಗೊತ್ತು.

"ಬಂಗಾರಪ್ಪ ಕಾಕಾಗ ಫೋನ್ ಹಚ್ಚಿದ್ರಂತಲ್ಲ ಅಕ್ಕಾ, ಅವತ್ತು?"

"ಹೂನವಾ, ನಾನಽ ಹಚ್ಚಿದ್ದು!" ಕರಿಯಕ್ಕನ ದನಿಯಲ್ಲಿ ಮುಚ್ಚುಮರೆ ಇರಲಿಲ್ಲ, ಒಂದಿಷ್ಟು ಹೆಮ್ಮೆಯೇ ಇತ್ತು. "ಆ ಹುಡುಗ ಇಲ್ಲೇ ಗಾಡಿ ನಿಲ್ಲಿಸಿ ಚಾ ಕುಡದ. ಮುಂದ ಮರಿ ಕೂಡಿಸ್ಕೊಂಡಿದ್ದ. ಅದರ ಕಿವಿಯಿಂದ ನೆತ್ತರ ಸೋರಾಕ ಹತ್ತಿತ್ತು. ಸರಿಯಾಗಿ ನೋಡ್ತೀನಿ, ಬಂಗಾರಪ್ಪನ ಗುರುತು. ಗುರುತು ಕೆಡಿಸಾಕ ಕೈ ಹಾಕ್ಯಾನ, ಪೂರಾ ಕೊಯ್ಯಾಕ ಪುರಸತ್ತು ಸಿಕ್ಕಿಲ್ಲ ಅಂತ ಅಂದ್ಕೊಂಡೆ. ಅವನು ಅತ್ತ ಹೋಗಾನ, ಇತ್ತ ಫೋನ್ ಹಚ್ಚಿದೆ."

"ಎಲ್ಲಿಗೆ ಹೊಂಟೀನಿ ಅಂತ ಅವ ಏನರ ಅಂದ್ನೇನು?"

"ಅಕ್ಕನ ಮನಿಗೆ ಅಂದ. ನಕ್ಕೊಂತಽ ಅಂದ. ಕಳ್ಳರು ಇನ್ನೇನು ಕದಿಯಾಕ ಹೊಂಟೀನಿ ಅಂತಾರೇನು?"

"ಅಕ್ಕಾ," ಅಂದಳು ಚಂದನಾ, ಬೆಂಚಿನವರಿಗೆ ಕೇಳದ ಹಾಗೆ. "ಅವ ಬಂಗಾರಪ್ಪ ಕಾಕಾನ ಸೊಸಿ ತಮ್ಮ. ಗುರುತು ಕೆಡಿಸಿರಲಿಲ್ಲ. ಅಕ್ಕನ ಕೂಸಿಗೆ ಕೊಡಾಕ ಅವತ್ತಽ ಹಾಕಿದ್ದ."

ಸೌಟು ನಿಂತಿತು. ಹಾಲು ಉಕ್ಕಿ ಒಲೆಗೆ ಸುರಿದು ಸುಟ್ಟ ವಾಸನೆ ಬಂತು. ಬೆಂಚಿನವನು "ಏ ಕರಿಯಕ್ಕ, ಹಾಲು ಹೋತವಾ!" ಎಂದು ಕೂಗಿದ. ಅವಳಿಗೆ ಕೇಳಿಸಿದ ಹಾಗೆ ಕಾಣಲಿಲ್ಲ.

"ನಾನೂ ನನ್ನ ತಮ್ಮನ ಕೈಲೆ ಮರಿ ಇಸಕೊಂಡಾಕಿ," ಎಂದಳು ಸೌಟನ್ನು ಪಕ್ಕಕ್ಕಿಟ್ಟು. "ನೆತ್ತರ ನೋಡಿದೆ. ಕಳ್ಳ ಅಂತಽ ಹೊಳೀತು ನೋಡು ತಂಗಿ, ತಮ್ಮ ಅಂತ ಹೊಳೀಲಿಲ್ಲ. ಈಗೀಗ ಎಲ್ಲಾರ ಬಾಯಾಗೂ ಕಳ್ಳ, ಕಳ್ಳ."

ಕೋರ್ಟಿನಲ್ಲಿ ಇದನ್ನೇ ಹೇಳುತ್ತೀರಾ ಎಂದು ಜಂಬುನಾಥ ಕೇಳಿದಾಗ ಹೇಳುತ್ತೇನೆ ಅಂದಳು. ಮರುದಿನ ಅವಳ ಅಂಗಡಿಗೆ ಬೀಗ ಬಿದ್ದಿತ್ತು. ಮಗಳ ಊರಿಗೆ ಹೋದಳು ಎಂದರು, ಯಾವ ಊರೆಂದು ಯಾರೂ ಹೇಳಲಿಲ್ಲ.

*

ಗುರುಶಾಂತ ಬಂಕಿನ ಹಿಂದಿನ ಕೋಣೆಯಲ್ಲಿ ಅವರನ್ನು ಕೂರಿಸಿ, ತಾನೇ ಎದ್ದು ಹೋಗಿ ನೀರು ತಂದ. ಇಸ್ತ್ರಿಯ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಮಾತು ಮೆತ್ತಗೆ. ಜೀಪನ್ನು ಆ ವಾರವೇ ತೊಳೆಸಿ ಬಣ್ಣ ಹೊಡೆಸಿದ್ದ. ಬಂಕಿನ ಕ್ಯಾಮೆರಾ ಕೆಟ್ಟು ತಿಂಗಳಾಗಿದೆ ಎಂದ. ಆ ಸಂಜೆ ನಾಲ್ವರೂ ಛತ್ರದಲ್ಲಿದ್ದೆವು, ಬೇಕಾದರೆ ಅಡುಗೆಯವರನ್ನು ಕೇಳಿ ಎಂದ. ಅಡುಗೆಯವರನ್ನು ಆಗಲೇ ಕೇಳಿಯಾಗಿತ್ತು. ಎಲ್ಲರದೂ ಒಂದೇ ಮಾತು, ಬಾಯಿಪಾಠ ಮಾಡಿದ ಹಾಗೆ.

"ಸರ್, ನಿಮ್ಮ ಕೆಲಸ ನೀವು ಮಾಡ್ರಿ, ನಾ ಬ್ಯಾಡ ಅನ್ನಲ್ಲ," ಅಂದ. "ಆದರ ಊರಾಗ ಒಂದು ಸಲ ಅಡ್ಡಾಡಿ ಬರ್ರಿ. ಈ ವರ್ಷ ಯಾರದರ ಹಟ್ಟಿ ಖಾಲಿ ಆಗೇತೇನು ಕೇಳ್ರಿ. ಮಂದಿ ನೆಮ್ಮದೀಲೆ ಮಲಗ್ಯಾರ."

"ಯರ್ರೆಪ್ಪ ಕಳ್ಳ ಅಲ್ಲ," ಅಂದರು ಜಂಬುನಾಥ.

"ಯಾರು ಹೇಳಿದ್ದು, ಅವರ ಮನಿಯವರಾ?" ಗುರುಶಾಂತ ನಕ್ಕ. "ಕೈಗೆ ಸಿಕ್ಕಾಗ ಎಲ್ಲಾರೂ ಹಂಗಽ ರಿ. ನಾ ಇಂಥವರ ಬೀಗರ ಮನ್ಯಾವ, ಅಕ್ಕನ ಕೂಸಿಗೆ ಮರಿ ಒಯ್ಯಾಕ ಹತ್ತೀನಿ ಅಂತ ಕಾಲು ಹಿಡೀತಾರ. ಎಲ್ಲಾರ ಮಾತು ನಂಬಾಕಾಗತೈತೇನು?"

"ಕಾಲು ಹಿಡಿದದ್ದು ನಿಮಗ ಹೆಂಗ ಗೊತ್ತಾತು?" ಎಂದಳು ಚಂದನಾ. ಅಲ್ಲಿಗೆ ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದು.

ಗುರುಶಾಂತ ಅವಳನ್ನು ಆಗಷ್ಟೇ ಕಂಡವನ ಹಾಗೆ ನೋಡಿದ. ನೀರಿನ ಲೋಟವನ್ನು ಮೇಜಿನ ಮೇಲೆ ಸ್ವಲ್ಪ ಆಚೆ ಸರಿಸಿದ.

"ಮಾತಿಗೆ ಅಂದೆನವಾ ತಂಗಿ. ನೀನೂ ಕುರಿಯವರ ಮನಿ ಹುಡುಗಿ ಇದ್ದಂಗ ಕಾಣ್ತಿ. ನಿಮ್ಮಪ್ಪಗ ನನ್ನ ಹೆಸರು ಹೇಳಿ ಕೇಳು, ಏನಂತಾನ ನೋಡು."

ಅಪ್ಪ ಏನನ್ನುತ್ತಾನೆಂದು ಚಂದನಾಳಿಗೆ ಕೇಳದೆಯೂ ಗೊತ್ತಿತ್ತು.

ಹೊರಗೆ ಬಂದ ಮೇಲೆ ಜಂಬುನಾಥ ಜೀಪಿನ ಬಾಗಿಲು ಧಡ್ ಎಂದು ಹಾಕಿದರು. "ಅವನ ಬಾಯಿಂದನಽ ಬಂತು. ನಾವಿಬ್ರು ಬಿಟ್ರ ಕೇಳಿದವರಿಲ್ಲ. ನಾಳೆ ಅಂದೇ ಇಲ್ಲ ಅಂತಾನ. ಬಂಗಾರಪ್ಪನ್ನ ನೀನು ಒಬ್ಬಾಕಿನಽ ಮಾತಾಡ್ಸು. ನನ್ನ ನೋಡಿದ್ರ ಬಾಯಿ ಬಿಡಲ್ಲ."

*

ಬಂಗಾರಪ್ಪ ಹಟ್ಟಿಯ ಮುಳ್ಳುಬೇಲಿ ಸರಿಮಾಡುತ್ತಿದ್ದ. ಹಿಂಡು ಮಗನ ಜೊತೆ ಹೊಳೆಯಾಚೆ ಮೇವಿಗೆ ಹೋಗಿತ್ತು. ಹಟ್ಟಿಯಲ್ಲಿ ಕುರಿಯ ಹಿಕ್ಕೆಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಚಂದನಾ ಏನೂ ಕೇಳದೆ ಒಂದು ಜಾಲಿಕಂಟಿ ಎಳೆದು ಕೊಟ್ಟಳು. ಅವನು ಇಸಕೊಂಡ. ಇನ್ನೊಂದು ಕೊಟ್ಟಳು. ಬೇಲಿ ಅರ್ಧ ಮುಗಿಯುವ ತನಕ ಹಾಗೇ ನಡೆಯಿತು.

"ಮರಿ ಚಲೋ ಐತೇನವಾ?" ಅಂದ ಅವನು ಕೊನೆಗೆ.

"ಚಲೋ ಐತಿ ಕಾಕಾ. ಕಿವಿ ಮಾಯಾಕ ಹತ್ತೇತಿ."

ಬಂಗಾರಪ್ಪ ಅಲ್ಲೇ ಕುಕ್ಕರಿಸಿ ಕೂತ. ತಲೆಯ ಮೇಲಿನ ವಸ್ತ್ರ ತೆಗೆದು ಮುಖ ಒರಸಿಕೊಂಡ.

"ಕರಿಯಕ್ಕ ಫೋನ್ ಹಚ್ಚಿ, ನಿನ್ನ ಗುರುತಿನ ಮರಿ ಹೊಂಟೈತಿ ಅಂದ್ಲು. ಹಿಂಡು ಇಲ್ಲಿದ್ರ ನೋಡತಿದ್ದೆ. ಹೊಳಿಯಾಚೆಯಿಂದಽ ಕದ್ದು ತಂದಾನ ಅಂತ ತಿಳ್ಕೊಂಡೆ. ಮಗಗ ಹಚ್ಚಿದೆ, ಹತ್ತಲಿಲ್ಲ. ಹೋದ ವರ್ಷ ಎಂಟು ಕುರಿ ಹೋಗಿದ್ವು, ಅದರ ಸಿಟ್ಟು ಎದ್ಯಾಗಽ ಇತ್ತು. ಗುರುಶಾಂತಪ್ಪನ ಬಂಕಿಗೆ ಫೋನ್ ಮಾಡಿ, ಇಂಥಾ ದಾರ್‍ಯಾಗ ಬರಾಕ ಹತ್ಯಾನ, ಹಿಡೀರಿ ಅಂದೆ."

"ಹಿಡೀರಿ ಅಂದ್ರಿ."

"ಹಿಡೀರಿ ಅಂದೆ. ಕೊಲ್ರಿ ಅನ್ನಲಿಲ್ಲ."

"ಕಾಕಾ, ಅವರಿಗೆ ಹಿಡೀರಿ ಅಂದ್ರ ಏನು ಮಾಡ್ತಾರ ಅನ್ನೋದು ನಿಮಗ ಗೊತ್ತಿರಲಿಲ್ಲೇನು?"

ಮುದುಕ ನೆಲ ನೋಡಿದ. ಉಗುರಿನಿಂದ ಒಂದು ಹಿಕ್ಕೆಯನ್ನು ಪುಡಿ ಮಾಡಿದ.

"ಗೊತ್ತಿತ್ತು," ಅಂದ.

ಕೊಲೆಯಾದ ಮರುದಿನ ಬೆಳಿಗ್ಗೆ ಹೆಣ ನೋಡಲು ಹೋದವನಿಗೆ ಮೊದಲು ಕಂಡದ್ದು ಮರಿಯ ಕಿವಿಯಂತೆ. ಹಸಿ ಕಚ್ಚು ನೋಡಿದ ಕೂಡಲೇ ಎಲ್ಲ ಹೊಳೆಯಿತಂತೆ. ಮುಖದ ಮೇಲಿನ ಬಟ್ಟೆ ಸರಿಸುವ ಮೊದಲೇ ಯಾರೆಂದು ಗೊತ್ತಾಯಿತಂತೆ. ಪೊಲೀಸರು ಕೇಳಿದಾಗ ಬಾಯಿಗೆ ಬಂದದ್ದು ಅದೊಂದೇ ಮಾತು, ಗುರುತು ನಮ್ಮದೇ. ಅದೇನು ಸುಳ್ಳಲ್ಲವಲ್ಲ ಎಂದು ಅವತ್ತಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದನಂತೆ.

"ಸೊಸಿ ನನಗ ಈಗಲೂ ಬಿಸಿ ರೊಟ್ಟಿ ಬಡಿದು ಹಾಕ್ತಾಳ," ಅಂದ. "ನನ್ನ ತಮ್ಮ ಅಂಥಾವ ಅಲ್ಲ ಮಾವಾ, ನೀವರ ಮಂದಿಗೆ ಹೇಳ್ರಿ ಅಂತಾಳ. ನಾ ಹೂಂ ಅಂತೀನಿ."

"ನಾಳೆ ಹರಪನಹಳ್ಳಿಗೆ ಬಂದು ಜಡ್ಜ್ ಮುಂದ ಇಷ್ಟು ಹೇಳ್ರಿ. ಅವ ಕಳ್ಳ ಅಲ್ಲ ಅನ್ನೋದೂ ಅಲ್ಲೇ ಖರೆ ಆಗತೈತಿ."

ಬಂಗಾರಪ್ಪ ವಸ್ತ್ರವನ್ನು ಮತ್ತೆ ತಲೆಗೆ ಸುತ್ತಿಕೊಂಡು, ಬರುತ್ತೇನೆ ಅಂದ. ಆದರೆ ಸೊಸೆಗೆ ತಾನೇ ಮೊದಲು ಹೇಳಬೇಕು, ಬೇರೆಯವರ ಬಾಯಿಂದ ಅವಳಿಗೆ ಗೊತ್ತಾಗಬಾರದು ಅಂದ. ಚಂದನಾ ಒಪ್ಪಿದಳು. ಹಿಂದಿರುಗುವಾಗ, ಈ ಒಂದು ರಾತ್ರಿ ಯಾಕೆ ಬಿಟ್ಟೆನೋ ಎಂದು ದಾರಿಯುದ್ದಕ್ಕೂ ಅವಳ ಮನಸ್ಸು ಕುಟುಕಿತು.

*

ಬೆಳಿಗ್ಗೆ ಜೀಪು ಬಂಗಾರಪ್ಪನ ಮನೆಯ ಮುಂದೆ ನಿಂತಾಗ ಕಟ್ಟೆಯ ತುಂಬ ಜನ ಕೂತಿದ್ದರು. ಊರ ಹಿರಿಯರು, ಬೀದಿಯ ಗಂಡಸರು, ಕುರಿ ಕಳಕೊಂಡ ಮೂರು ನಾಲ್ಕು ಮನೆಯವರು. ಗುರುಶಾಂತ ಅಲ್ಲಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಚಂದನಾ ಹಟ್ಟಿಗೆ ಬಂದು ಹೋದದ್ದು ಅವನ ಕಿವಿಗೆ ಬಿದ್ದು, ಅವನ ಮಾತು ರಾತ್ರಿಯೇ ಬಂದು ಮನೆಮನೆ ಸುತ್ತಿ ಹೋಗಿತ್ತು. ಬಂಗಾರಪ್ಪ ಬಾಯಿ ಬಿಟ್ಟರೆ, ಹಿಡಿಯಿರಿ ಎಂದವನೇ ಮೊದಲು ಒಳಗೆ ಹೋಗುತ್ತಾನೆ. ಆಮೇಲೆ ನಿಮ್ಮ ಹಟ್ಟಿಗಳನ್ನು ನೀವೇ ಕಾಯ್ದುಕೊಳ್ಳಿ.

ಬಂಗಾರಪ್ಪ ಕಂಬಕ್ಕೆ ಒರಗಿ ಕೂತಿದ್ದ. ತೊಳೆದ ಧೋತರ ಉಟ್ಟಿದ್ದ, ಹೊರಡಲು ಸಿದ್ಧನಾದವನ ಹಾಗೆ. ಆದರೆ ಏಳಲಿಲ್ಲ.

"ಹೊಂಡೋಣೇನು ಬಂಗಾರಪ್ಪ?" ಅಂದರು ಜಂಬುನಾಥ.

"ಎಲ್ಲಿಗ್ರಿ?" ಎಂದ ಅವನು, ಚಂದನಾಳ ಕಡೆ ನೋಡದೆ. "ನಾ ಅವತ್ತು ಬಂಕಿಗೆ ಫೋನ್ ಮಾಡಿದ್ದು ಹಿಂಡಿ ಸಲುವಾಗಿ ರಿ. ಗುರುಶಾಂತಪ್ಪನ ಮಿಲ್ಲಿನ ಶೇಂಗಾ ಹಿಂಡಿ. ಬ್ಯಾರೆ ಏನೂ ಮಾತಾಡಿಲ್ಲ."

"ಕಾಕಾ, ನಿನ್ನೆ ಹಟ್ಟಿಯಾಗ…"

"ನಿನ್ನೆ ನನಗ ಜ್ವರ ಇತ್ತವಾ. ಏನಂದ್ನೋ ನೆಪ್ಪಿಲ್ಲ."

ಕಟ್ಟೆಯ ಮೇಲಿನ ಹಿರಿಯನೊಬ್ಬ ನಡುವೆ ಬಾಯಿ ಹಾಕಿದ. "ಸಾಹೇಬ್ರ, ವಯಸ್ಸಾದ ಮನುಷ್ಯ, ಸುಮ್ನ ಯಾಕ ಕಾಡ್ತೀರಿ? ಆಗಿದ್ದು ಆಗಿಹೋತು. ಕೂಸಿನ ಮನಿ ಇದು, ಬಿಟ್ಟುಬಿಡ್ರಿ."

ಆಗ ರೋಜಾ ಒಳಗಿನಿಂದ ಬಂದಳು. ಕೂಸು ಹೆಗಲ ಮೇಲೆ ಮಲಗಿತ್ತು. ಅವಳ ಕಣ್ಣು ನೋಡಿದ ಕೂಡಲೇ ಚಂದನಾಳಿಗೆ ತಿಳಿಯಿತು, ಮುದುಕ ರಾತ್ರಿ ಸೊಸೆಗೆ ಹೇಳಿದ್ದಾನೆ. ನಿನ್ನೆ ಕೊಟ್ಟ ಮಾತಿನಲ್ಲಿ ಅದೊಂದನ್ನು ಮಾತ್ರ ನಡೆಸಿದ್ದಾನೆ. ರೋಜಾ ಮಾವನನ್ನು ಬೈಯಲಿಲ್ಲ. ಅವನನ್ನು ದಾಟಿ ಬಂದು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಕಟ್ಟೆಯ ಮುಂದೆ ನಿಂತಳು.

"ಯಾರನ್ನೂ ಜೇಲಿಗೆ ಹಾಕ್ರಿ ಅಂತ ನಾ ಕೇಳಲ್ಲ," ಅಂದಳು. ದನಿ ಎಲ್ಲರಿಗೂ ಕೇಳಿಸುತ್ತಿತ್ತು. "ನನ್ನ ತಮ್ಮ ಕಳ್ಳ ಅಲ್ಲ. ಇಲ್ಲಿ ಕುಂತಾರಿಗೆಲ್ಲ ಅದು ಗೊತ್ತೈತಿ."

"ಕಳ್ಳ ಅಲ್ಲ ರೋಜಾ," ಅಂದಳು ಚಂದನಾ. "ಮರಿ ನಿಮ್ಮ ತವರಿಂದಽ, ನಾವು ಬರ್ಕೊಂಡೀವಿ."

"ನೀವಲ್ಲಕ್ಕಾ. ನೀವು ಇವತ್ತು ಇರ್ತೀರಿ, ನಾಳೆ ಹೋಗ್ತೀರಿ. ನಾ ಇವರ ನಡುವ ನೀರಿಗೆ ಹೋಗಬೇಕು, ನನ್ನ ಮಗ ಇವರ ಮಕ್ಕಳ ಜೋಡಿ ಆಡಬೇಕು. ನಮ್ಮವ್ವ ಇಟ್ಟಿಗ್ಯಾಗ ಮನಿ ಬಿಟ್ಟು ಹೊರಗ ಬರಾಕ ಹತ್ತಿಲ್ಲ." ಅವಳು ಕಟ್ಟೆಯ ಮೇಲಿನ ಒಂದೊಂದು ಮುಖವನ್ನೂ ನೋಡಿದಳು. ಒಬ್ಬ ಬೀಡಿಯ ಬೂದಿ ಕೊಡವಿದ. ಇನ್ನೊಬ್ಬ ಚಪ್ಪಲಿಯಲ್ಲಿ ಕಾಲು ತೂರಿಸುತ್ತ ಪಟ್ಟಿ ಎಳೆದುಕೊಂಡ. ಬಂಗಾರಪ್ಪ ಕಂಬದ ಕಡೆಗೆ ತಿರುಗಿ ಕೂತ.

ಜಂಬುನಾಥ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಕಳ್ಳರನ್ನು, ಕೊಲೆಗಾರರನ್ನು ಹಿಡಿಯುವುದೇ ಕೆಲಸವಾಗಿದ್ದ ಅವರು ಅವತ್ತು ಹಿಡಿದದ್ದು ಆ ಟೋಪಿ ಒಂದನ್ನೇ.

"ಊರವರೊಳಗ ಯಾರರ ಒಬ್ರು," ಅಂದಳು ರೋಜಾ, "ಯರ್ರೆಪ್ಪ ಕಳ್ಳ ಅಲ್ಲ ಅಂತ ಬಾಯಿಬಿಟ್ಟು ಒಂದು ಸಲ ಹೇಳ್ರಿ."